ಹವೀಜದ ಘಮ ಕೊಯ್ಲಿನ ದಿನದಲ್ಲಿದೆ

ಧಾರವಾಡ, ಗದಗ ಭಾಗದ ಎರೆಹೊಲಗಳಲ್ಲಿ ಹಿಂಗಾರಿ ಕೊತ್ತಂಬರಿ (ಹವೀಜ) ಒಕ್ಕಣೆಗೆ ಬಂದಾಗಲೆಲ್ಲ ಪೇಟೆಯಿಂದ ಅದೇ ದೂರು: ಕಾಳು ಒಡೆದಿದೆ, ಬಣ್ಣ ಕಂದಿದೆ, ಘಮವಿಲ್ಲ. ಬೆಳೆದವರು ಬೀಜವನ್ನೋ ಹವೆಯನ್ನೋ ದೂರುತ್ತಾರೆ. ಎಷ್ಟೋ ಹೊಲಗಳಲ್ಲಿ ತಪ್ಪಿರುವುದು ಕುಡುಗೋಲು ಹಿಡಿದ ದಿನದಲ್ಲಿ.

ಕೊತ್ತಂಬರಿಯ ಗೊಂಚಲುಗಳೆಲ್ಲ ಒಟ್ಟಿಗೆ ಮಾಗುವುದಿಲ್ಲ. ನಡುದಂಟಿನದು ಮೊದಲು, ಟಿಸಿಲುಗಳದು ಆಮೇಲೆ. ಕಟ್ಟಕಡೆಯ ಗೊಂಚಲೂ ಒಣಗಲಿ ಎಂದು ಕಾಯುವುದು ಎಷ್ಟು ಹೇಳಿದರೂ ಬಿಡದ ಚಾಳಿ. ಅಷ್ಟರಲ್ಲಿ ಮೊದಲು ಮಾಗಿದ ದಪ್ಪ ಕಾಳು ಉದುರಿ ಮಣ್ಣುಪಾಲು. ಉಳಿದದ್ದು ಬಿಸಿಲಿಗೆ ಬಿಳಿಚಿ, ಬಡಿಯುವಾಗ ಎರಡು ಹೋಳಾಗಿ ಎಣ್ಣೆ ಕಳೆದುಕೊಳ್ಳುತ್ತದೆ.

ಹಾಗೆಂದು ಅವಸರವೂ ಸಲ್ಲದು. ಹಸಿ ಕಾಳನ್ನು ಬೆರಳಲ್ಲಿ ಉಜ್ಜಿದರೆ ತಿಗಣೆ ವಾಸನೆ ಹೊಡೆಯುತ್ತದೆ. ಅದು ಆಲ್ಡಿಹೈಡುಗಳದ್ದು. ಮಾಗಿದಂತೆ ಅವು ಇಳಿದು, ಘಮ ಕೊಡುವ ಲಿನಲೂಲ್ ಏರುತ್ತದೆ. ಇಷ್ಟು ರಸಾಯನಶಾಸ್ತ್ರ ಸಾಕು.

ನಡುಗೊಂಚಲಿನ ಅರ್ಧದಷ್ಟು ಕಾಳು ಹಸಿರು ಬಿಟ್ಟು ಹಳದಿಗೆ ತಿರುಗಿದಾಗ ಕೊಯ್ಯಬೇಕು. ತಳಿ ನೋಡಿಕೊಂಡು 90ರಿಂದ 110 ದಿನ ಎಂಬುದು ಅಂದಾಜು ಮಾತ್ರ. ಗೊಂಚಲು ನೋಡದೆ ದಿನ ಎಣಿಸಿ ಪ್ರಯೋಜನವಿಲ್ಲ. ಬೆಳಗಿನ ಇಬ್ಬನಿ ಆರುವ ಮುಂಚೆ ಕೊಯ್ದರೆ ಉದುರುವುದು ಕಡಿಮೆ. ಸೊಪ್ಪಿಗಾದರೆ 35–40 ದಿನಕ್ಕೆ, ಹೂದಂಟು ಏಳುವ ಮುಂಚೆಯೇ ಕಿತ್ತುಬಿಡಬೇಕು.

ಏಕಪ್ರಕಾರ ಮಾಗಬೇಕಾದರೆ ಬಿತ್ತನೆಯಿಂದಲೇ ಲೆಕ್ಕ ಇರಬೇಕು. ಖುಷ್ಕಿಗೆ ಎಕರೆಗೆ 8–10 ಕೆ.ಜಿ., ನೀರಾವರಿಗೆ 4–5 ಕೆ.ಜಿ. ಬೀಜ, ಅದೂ ಉಜ್ಜಿ ಎರಡು ಹೋಳು ಮಾಡಿದ್ದು. ನೀರಾವರಿ ಬೆಳೆಗೆ ಮಾತ್ರ ಮೇಲುಗೊಬ್ಬರವಾಗಿ 30ನೇ ದಿನ, ತೇವವಿದ್ದಾಗ, ಎಕರೆಗೆ 9 ಕೆ.ಜಿ. ಯೂರಿಯಾ. ಅಲ್ಲಿಗೆ ಮುಗಿಯಿತು. ಹೂವಿನ ಮೇಲೆ ಇನ್ನೊಂದು ಬುಟ್ಟಿ ಚೆಲ್ಲಿ ಹೊಸ ಟಿಸಿಲು ಎಬ್ಬಿಸಿ, ಆಮೇಲೆ ಕಾಳು ಒಂದೇ ಸಮ ಮಾಗಲಿಲ್ಲ ಎನ್ನುವವರಿಗೆ ಏನು ಹೇಳುವುದು? ಬೂದಿರೋಗ ಕಂಡೊಡನೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ತೂಗಿಯೇ ಹಾಕಬೇಕು. ಮುಚ್ಚಳದ ಅಳತೆ ಅಳತೆಯಲ್ಲ. ಉರಿಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಕೊಯ್ದ ಗಿಡವನ್ನು ಡಾಂಬರು ರಸ್ತೆಗೆ ಹರವಿ ಲಾರಿ, ಬಸ್ಸಿನ ಗಾಲಿಗೆ ಒಪ್ಪಿಸುವುದು ನಿಲ್ಲಬೇಕು. ಸಣ್ಣ ಕಟ್ಟು ಕಟ್ಟಿ ನೆರಳಲ್ಲಿ ಒಣಗಿಸಿ, ಕೋಲಿನಿಂದ ಮೆಲ್ಲಗೆ ಬಡಿದರೆ ಕಾಳು ಇಡಿಯಾಗಿ ಉಳಿಯುತ್ತದೆ. ಒಣಗಿಸುವ ಯಂತ್ರದ ಸಹಾಯಧನ ಮಂಜೂರಾಗುವವರೆಗೆ ಬೆಳೆ ಕಾಯುವುದಿಲ್ಲ; ಒಂದು ತಾಡಪಾಲು ಸಾಕು. ತೇವಾಂಶ ಶೇ. 9–10ಕ್ಕೆ ಇಳಿದ ಮೇಲೆಯೇ ಚೀಲ ತುಂಬಬೇಕು. ಕಡೆಯ ಗೊಂಚಲಿನ ಹಸಿ ಕಾಳನ್ನು ಮೊದಲೇ ಜರಡಿ ಹಿಡಿದು ಬೇರ್ಪಡಿಸದಿದ್ದರೆ ಇಡೀ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ.