ಅಜ್ಜನ ನಡಿಗೆ, ಮಿದುಳಿಗೆ ಬಲ

ಮಕ್ಕಳೇ, ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಅಜ್ಜಂದಿರು ಮುಂಜಾನೆ ಮೆಕ್ಕೆಜೋಳದ ಹೊಲಕ್ಕೆ ನಡೆದು ಹೋಗುವುದನ್ನು ನೋಡಿದ್ದೀರಲ್ಲವೇ? "ವಯಸ್ಸಾಯಿತು, ಮನೆಯಲ್ಲೇ ಕುಳಿತುಕೊಳ್ಳಿ" ಎಂದು ಕೆಲವರು ಅವರಿಗೆ ಹೇಳುತ್ತಾರೆ. ಇದು ಸರಿಯೇ?

ನಮ್ಮ ಮಿದುಳಿನೊಳಗೆ ಎಡಬಲಗಳಲ್ಲಿ ಒಂದೊಂದು ಹಿಪೊಕ್ಯಾಂಪಸ್ ಇದೆ. ಅದರ ಆಕಾರ ಕಡಲಕುದುರೆಯಂತೆ. ಹೊಸ ಸಂಗತಿಗಳು ನೆನಪಿನಲ್ಲಿ ಉಳಿಯಲು ಅದು ಬೇಕೇ ಬೇಕು. ಅದಕ್ಕೆ ಇನ್ನೊಂದು ಕೆಲಸವೂ ಇದೆ. ನಮಗೆ ಚಿಂತೆ, ಭಯ ಆದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಹೆಚ್ಚಾದಾಗ ತಡೆಹಾಕಲು ಹಿಪೊಕ್ಯಾಂಪಸ್ ನೆರವಾಗುತ್ತದೆ.

ವಯಸ್ಸಾದಂತೆ ಈ ಭಾಗ ಕುಗ್ಗುತ್ತದೆ. ಆಗ ಮರೆವು ಹೆಚ್ಚಬಹುದು, ಚಿಂತೆ ಬೇಗ ಇಳಿಯದಿರಬಹುದು. ಕುಗ್ಗುವುದನ್ನು ತಡೆಯಬಹುದೇ? ಅಮೆರಿಕದ ವಿಜ್ಞಾನಿಗಳು 55ರಿಂದ 80 ವರ್ಷದ 120 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ, 40 ನಿಮಿಷ ಚುರುಕಾಗಿ ನಡೆಯಿತು. ಇನ್ನೊಂದು ಗುಂಪು ಕೈಕಾಲು ಚಾಚುವ ಸರಳ ವ್ಯಾಯಾಮ ಮಾಡಿತು. ಒಂದು ವರ್ಷದ ಬಳಿಕ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಬೆಳೆದಿತ್ತು, ಉಳಿದವರಲ್ಲಿ ಕುಗ್ಗಿತ್ತು. ಇದು 2011ರಲ್ಲಿ ಪ್ರಕಟವಾಯಿತು. ನಂತರದ ಎಲ್ಲ ಅಧ್ಯಯನಗಳಲ್ಲಿ ಇಷ್ಟು ಬೆಳವಣಿಗೆ ಕಂಡಿಲ್ಲ. ಆದರೂ ನಡಿಗೆ ಮಿದುಳಿಗೂ ಮನಸ್ಸಿಗೂ ಒಳ್ಳೆಯದು ಎಂಬುದನ್ನು ವೈದ್ಯರು ಒಪ್ಪುತ್ತಾರೆ.

ಹಾಗಾದರೆ ಅಜ್ಜನನ್ನು ಕುಳ್ಳಿರಿಸಬೇಡಿ, ಜೊತೆಗೆ ನಡೆಯಿರಿ!

ಮಾಡಿ ನೋಡಿ: ಸಂಜೆ ಅಜ್ಜ ಅಥವಾ ಅಜ್ಜಿಯೊಡನೆ ಅವರ ಶಕ್ತಿಗೆ ತಕ್ಕಷ್ಟು ದೂರ ನಡೆದು ಬನ್ನಿ. ದಾರಿಯಲ್ಲಿ ಕಂಡ ಹತ್ತು ವಸ್ತುಗಳನ್ನು ಮನೆಗೆ ಬಂದು ಇಬ್ಬರೂ ನೆನಪಿಸಿಕೊಳ್ಳಿ. ಯಾರಿಗೆ ಹೆಚ್ಚು ನೆನಪಿದೆ? ನಡೆಯುವಾಗ ಅವರಿಗೆ ಎದೆನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ, ದೊಡ್ಡವರಿಗೆ ತಿಳಿಸಿ.