ಹಸುವಿನ ಚಿತ್ರ ಕಂಡು ಮೈ ಉರಿದಾಗ: ಉಳ್ಳಾರ್ತಿ ಕಾವಲಿನ ಸೂತ್ರಗಳು

ಪರದೇಶದ ಪತ್ರಿಕೆ ನಮ್ಮನ್ನು ಹಗುರವಾಗಿ ಚಿತ್ರಿಸಿದರೆ ಹಳ್ಳಿಯ ಹುಡುಗರ ಮೊಬೈಲಿನಲ್ಲೂ ಕಿಚ್ಚು ಹತ್ತುತ್ತದೆ. ಆ ಕಿಚ್ಚನ್ನು ಕೆಲಸಕ್ಕೆ ಹಚ್ಚುವುದು ಹೇಗೆ? ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಸೀಮೆಯಲ್ಲಿ ನಿಂತು ಯೋಚಿಸಿದರೆ ಕೆಲವು ದಾರಿಗಳು ಕಾಣುತ್ತವೆ.

1. ಸಿಟ್ಟು ಯಾತಕ್ಕೆ ಎಂದು ಗೊತ್ತುಮಾಡಿಕೊಳ್ಳಿ. 2014ರ ಸೆಪ್ಟೆಂಬರ್ 24ರಂದು ಇಸ್ರೋದ ಮಂಗಳಯಾನ ನೌಕೆ ಮಂಗಳ ಗ್ರಹದ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವ್ಯಂಗ್ಯಚಿತ್ರ ಹಾಕಿತು. ರುಮಾಲು ಸುತ್ತಿದ ರೈತ ಹಸು ಹಿಡಿದುಕೊಂಡು ಗಣ್ಯರ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲು ಬಡಿಯುತ್ತಿದ್ದಾನೆ, ಸೂಟು ತೊಟ್ಟವರು ಒಳಗೆ ಕೂತಿದ್ದಾರೆ. ನಮ್ಮವರು ಹೆಚ್ಚಾಗಿ ಕೆರಳಿದ್ದು ಹಸುವನ್ನು ಕಂಡು. ನನಗೆ ಚುಚ್ಚಿದ್ದು ಆ ಮುಚ್ಚಿದ ಬಾಗಿಲು.

2. ಹಸುವಿಗೆ ನಾಚಬೇಡಿ. ಇಲ್ಲಿನ ಕಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇದ ನೆಲ. ಮ್ಯಾಸಬೇಡರು, ಕಾಡುಗೊಲ್ಲರು ದೇವರ ಎತ್ತುಗಳನ್ನು ಇಂದಿಗೂ ಸಾಕುವ ಸೀಮೆ. ಇದೇ ಸೀಮೆಯಲ್ಲಿರುವ ಡಿಆರ್‌ಡಿಒ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕೈಬಿಟ್ಟಿತು. ಪೈಲಟ್ ಇಲ್ಲದ ಆ ವಾಹನ ತಾನೇ ದಾರಿ ತಿದ್ದಿಕೊಂಡು ಬಂದು, ಗಾಲಿ ಊರಿ, ಹಿಂದೆ ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿ ನಿಂತಿತು. 2024ರಲ್ಲಿ ಪುಷ್ಪಕ್ ಎಂಬ ಹೆಸರಿನಲ್ಲಿ ಮತ್ತೆರಡು ಬಾರಿ ಇಳಿಯಿತು. ದನವೂ ಬಾಹ್ಯಾಕಾಶವೂ ಒಂದೇ ತಾಲ್ಲೂಕಿನಲ್ಲಿ!

3. ಇಸ್ರೋದವರ ದಿಟ್ಟತನ ಕಲಿಯಿರಿ. 1981ರ ಆಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹದ ಅಡ್ಡಿಯಿಲ್ಲದ ಪೀಠ ಬೇಕಾಯಿತು. ಎತ್ತಿನ ಗಾಡಿ ತರಿಸಿ ಉಪಗ್ರಹವನ್ನು ಅದರ ಮೇಲಿಟ್ಟರು. ಗಾಡಿಯ ಮೇಲಿನ ಉಪಗ್ರಹದ ಫೋಟೊವನ್ನು ಯಾರೂ ಬಚ್ಚಿಡಲಿಲ್ಲ.

4. ಬೈಯುವ ಮೊದಲು ವಿಚಾರಿಸಿ. ಬಿಳಿಯರ ಕೊಬ್ಬು ಎಂದು ಎಷ್ಟೋ ಮಂದಿ ಕೂಗಾಡಿದರು. ನ್ಯೂಯಾರ್ಕ್ ಟೈಮ್ಸ್‌ನ ಆ ಹಸುವಿನ ಚಿತ್ರ ಬರೆದವರು ಸಿಂಗಪುರದವರು.

5. ಕ್ಷಮೆ ಕೇಳಿದ ಮೇಲೆ ಬಿಟ್ಟುಬಿಡಿ. ಓದುಗರ ಆಕ್ಷೇಪಕ್ಕೆ ಮಣಿದು ಪತ್ರಿಕೆ ಅಕ್ಟೋಬರ್‌ನಲ್ಲಿ ಕ್ಷಮೆ ಕೇಳಿತು.

6. ಕಹಿಯಾದದ್ದೆಲ್ಲ ಸುಳ್ಳಲ್ಲ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಫಾರಿನ್ ಪಾಲಿಸಿ ಪತ್ರಿಕೆ, ಚಳ್ಳಕೆರೆ ಬಳಿ ಗುಟ್ಟಿನ ಅಣುನಗರಿ ಏಳುತ್ತಿದೆ ಎಂದು ಬರೆಯಿತು. ಬಾಂಬಿನ ಮಾತಿಗೆ ಪುರಾವೆ ಕೇಳಿ, ತಪ್ಪೇನಿಲ್ಲ. ಆದರೆ ಬೇಲಿ ಬಂದು ಮೇವಿನ ನೆಲ ಕಳೆದುಕೊಂಡವರ ಸಂಕಟವೂ ಆ ವರದಿಯಲ್ಲಿತ್ತು, ಅದು ನಿಜ. ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿ, ಇಸ್ರೋಗೆ ಸಾವಿರಾರು ಎಕರೆ ಕಾವಲು ಹೋಗಿತ್ತು. ವಿವಾದ ಚೆನ್ನೈನ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತ್ತು. ವಿದೇಶಿ ಪತ್ರಿಕೆ ಬರೆಯಿತೆಂದು ದನಗಾಹಿಗಳ ಮಾತನ್ನು ದೇಶದ್ರೋಹಕ್ಕೆ ಸೇರಿಸಬೇಡಿ. ಸಂಪಾದಕರಿಗೆ ಪತ್ರ ಬರೆಯುವ ಕೈಯಲ್ಲೇ ತಹಶೀಲ್ದಾರರಿಗೂ ಒಂದು ಅರ್ಜಿ ಬರೆಯಿರಿ: ಉಳಿದ ಕಾವಲೆಷ್ಟು, ಹಳ್ಳಿಯ ಕುರಿ-ದನಗಳಿಗೆ ದಾರಿ ಎಲ್ಲಿ, ನೀರು ಎಲ್ಲಿ?