ಕೊವೆಂಟ್ರಿಯ ಒಂದು ದಿನಕ್ಕೆ ಪುಂಜಾಲಕಟ್ಟೆಯಲ್ಲಿ 844 ರೂಪಾಯಿ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಓದುತ್ತಿರುವ ಮಗಳ ಎಜುಕೇಶನ್ ಲೋನಿಗೆ ಮೊರಟೋರಿಯಂ ಬೇಡ, ಮೊದಲ ತಿಂಗಳಿನಿಂದಲೇ ಬಡ್ಡಿ ಕಟ್ಟುತ್ತೇನೆ ಎಂದಾಗ ಸಾಲ ಕೊಡುವವರೇ ಕಣ್ಣರಳಿಸಿದರು. ‘ಹದಿನೆಂಟು ತಿಂಗಳು ಒಂದು ಪೈಸೆ ಕಟ್ಟಬೇಕಾಗಿಲ್ಲ ಸರ್, ಸುಮ್ಮನೆ ಯಾಕೆ?’ ಪುಂಜಾಲಕಟ್ಟೆಯ ಮನೆಯಲ್ಲೂ ಅದೇ ಪ್ರಶ್ನೆ. 28 ಲಕ್ಷಕ್ಕೆ ಶೇ 11ರ ಬಡ್ಡಿ, ತಿಂಗಳಿಗೆ 25,667 ರೂಪಾಯಿ. ನನ್ನ ಪೆನ್ಶನ್ನಿನ ಮುಕ್ಕಾಲು ಪಾಲು ಅಲ್ಲಿಗೇ ಹೋಗುತ್ತದೆ. ಮನೆಖರ್ಚಿಗೆ ಅಡಿಕೆಯೇ ಗತಿ.

ಈ ತೀರ್ಮಾನದ ನಿಜವಾದ ಬೆಲೆ ಇರುವುದು ಆ ಅಡಿಕೆಯಲ್ಲಿ. ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆ ಅಂಗಳದಲ್ಲಿ ಒಣಗಿದ ಚಾಲಿ ಅಡಿಕೆಯೇ ಬೆಳೆಗಾರನ ಎಫ್‌ಡಿ. ಹೊಸತನ್ನು ಗೋಣಿಯಲ್ಲಿ ಕಟ್ಟಿಟ್ಟು, ಹಳತಾದ ಮೇಲೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊದ ದರ ನೋಡಿ, ಇನ್ನೂ ಸ್ವಲ್ಪ ಏರಲಿ ಎಂದು ಮತ್ತೆ ಹದಿನೈದು ದಿನ ಕಾದು ಕೊಡುವುದು ನಮ್ಮ ತಂದೆಯ ಕಾಲದಿಂದ ಬಂದ ಕ್ರಮ. ಈಗ ಆ ಕಾಯುವಿಕೆ ಹೋಯಿತು. ತಿಂಗಳ ಮೊದಲ ವಾರ ಎರಡು ಗೋಣಿ ಜೀಪಿಗೆ ಏರಲೇಬೇಕು, ದರ ಏನಾದರೂ ಇರಲಿ. ಹೊಸತಿಗೂ ಹಳತಿಗೂ ಕಿಲೋಗೆ ಇರುವ ವ್ಯತ್ಯಾಸ ತೋಟ ಇದ್ದವರಿಗೆ ಗೊತ್ತು. ಪ್ರತಿ ತಿಂಗಳೂ ನಾನು ಅಷ್ಟನ್ನು ಬಿಟ್ಟುಕೊಡುತ್ತಿದ್ದೇನೆ. ಆದರೂ ತೀರ್ಮಾನ ಬದಲಿಸುವುದಿಲ್ಲ. ಯಾಕೆ ಎಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಪೆನ್ನು ಹಿಡಿದು ಕೂತುಕೊಳ್ಳಿ.

28 ಲಕ್ಷಕ್ಕೆ ಶೇ 11ರಂತೆ ವರ್ಷಕ್ಕೆ 3,08,000. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 844 ರೂಪಾಯಿ. ಭಾನುವಾರವೂ ಅಷ್ಟೇ, ಅಷ್ಟಮಿಗೂ ಅಷ್ಟೇ. ಒಂದು ವರ್ಷದ ಕೋರ್ಸು, ಮೇಲೆ ಆರು ತಿಂಗಳು. ಹದಿನೆಂಟು ತಿಂಗಳು ಕಟ್ಟದೇ ಇದ್ದರೆ 4,62,000 ರೂಪಾಯಿ ಬಡ್ಡಿ ಅಸಲಿಗೆ ಸೇರಿ ಸಾಲ 32,62,000 ಆಗುತ್ತದೆ. ಹತ್ತು ವರ್ಷಕ್ಕೆ ಇಎಂಐ 44,934. ಬಡ್ಡಿ ಕಟ್ಟುತ್ತಾ ಬಂದರೆ ಸಾಲ 28 ಲಕ್ಷದಲ್ಲೇ ನಿಲ್ಲುತ್ತದೆ, ಇಎಂಐ 38,570. ತಿಂಗಳಿಗೆ 6,364 ರೂಪಾಯಿ ವ್ಯತ್ಯಾಸ, 120 ಕಂತಿಗೆ 7,63,680. ಇವತ್ತು ಉಳಿಸಿದ ನಾಲ್ಕೂವರೆ ಲಕ್ಷಕ್ಕೆ ಮುಂದೆ ಏಳೂವರೆ ಲಕ್ಷ, ಅದೂ ಅವಳ ಸಂಬಳದಿಂದ.

‘ಅವಳು ಅಲ್ಲಿ ದುಡಿಯುವುದಿಲ್ಲವಾ?’ ಎಂದು ಮಡಂತ್ಯಾರಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಅದನ್ನೂ ನೋಡಿಬಿಡೋಣ. ಇಪ್ಪತ್ತೊಂದು ತುಂಬಿದವರಿಗೆ ಅಲ್ಲಿ 2025–26ರಲ್ಲಿ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಇತ್ತು. ಪೌಂಡಿಗೆ 120 ರೂಪಾಯಿ ಹಿಡಿದರೆ 1,465 ರೂಪಾಯಿ. ಮುಕ್ಕಾಲು ಗಂಟೆ ದುಡಿದರೆ ಆ ದಿನದ ಬಡ್ಡಿ ತೀರಿತಲ್ಲ! ಕನ್ಸಲ್ಟೆನ್ಸಿಯವರು ಹೇಳುವುದು ಇಷ್ಟೇ, ಇಲ್ಲಿಗೇ ನಿಲ್ಲಿಸುತ್ತಾರೆ. ವೀಸಾ ಪ್ರಕಾರ ತರಗತಿ ಇರುವ ವಾರಗಳಲ್ಲಿ 20 ಗಂಟೆಯೇ ಮಿತಿ. ವಾರಕ್ಕೆ 244.20 ಪೌಂಡ್, ತಿಂಗಳಿಗೆ ಸರಾಸರಿ 1,058. ಅವಳು ವೀಸಾಕ್ಕೆ ಅರ್ಜಿ ಹಾಕಿದಾಗ, ಲಂಡನ್ನಿನ ಹೊರಗೆ ಬದುಕಲು ತಿಂಗಳಿಗೆ ಇಷ್ಟು ಬೇಕು ಎಂದು ಬ್ರಿಟಿಷ್ ಸರ್ಕಾರವೇ ಇಟ್ಟಿದ್ದ ಮೊತ್ತ 1,136 ಪೌಂಡ್. ಪೂರ್ತಿ ಇಪ್ಪತ್ತು ಗಂಟೆ ಸಿಕ್ಕಿದರೂ 78 ಪೌಂಡ್ ಖೋತಾ. ಬಡ್ಡಿಗೆ ಉಳಿಯುವುದು ಎಲ್ಲಿಂದ?

ಪೂರ್ತಿ ಗಂಟೆ ಸಿಗುವುದೂ ಇಲ್ಲ. ಅವಳದ್ದು ಗೋದಾಮಿನಲ್ಲಿ ಪ್ಯಾಕಿಂಗ್, ಝೀರೋ ಅವರ್ಸ್ ಕಾಂಟ್ರಾಕ್ಟು. ಶಿಫ್ಟ್ ಇದ್ದ ದಿನ ಮುಂಜಾನೆ ನಾಲ್ಕೂ ಮುಕ್ಕಾಲಿಗೆ ಏಳುತ್ತಾಳೆ. ಇಲ್ಲಿ ಆಗ ನಾವು ಹತ್ತು ಗಂಟೆ ಕಳೆದು ಎರಡನೇ ಚಹಾದಲ್ಲಿರುತ್ತೇವೆ. ರಾತ್ರಿಯೇ ಕಲಸಿಟ್ಟ ಮೊಸರನ್ನದ ಡಬ್ಬಿ, ಎರಡು ಜೊತೆ ಸಾಕ್ಸು, ಬಸ್ಸು. ಇಂಗ್ಲೆಂಡಿನಲ್ಲಿ ಸಿಂಗಲ್ ಟಿಕೆಟಿಗೆ 3 ಪೌಂಡ್ ಗರಿಷ್ಠ ಎಂದು ಮಾಡಿದ್ದಾರೆ. ಹೋಗಿ ಬರಲು ಆರು, ಅಂದರೆ ಅರ್ಧ ಗಂಟೆಯ ದುಡಿಮೆ ಬಸ್ಸಿಗೆ. ಆರರಿಂದ ಎರಡರವರೆಗೆ ಎಂಟು ಗಂಟೆ ನಿಂತರೂ ಊಟದ ಅರ್ಧ ಗಂಟೆಗೆ ಸಂಬಳವಿಲ್ಲ, ಹಾಗಾಗಿ ಏಳೂವರೆ. ಡಿಸೆಂಬರಿನಲ್ಲಿ ಮನೆ ಸೇರಿ ಸ್ನಾನ ಮುಗಿಸುವಷ್ಟರಲ್ಲಿ, ನಾಲ್ಕು ಗಂಟೆಗೇ ಕತ್ತಲು. ಆಮೇಲೆ ಲೈಬ್ರರಿ, ಅಸೈನ್‌ಮೆಂಟು, ಒಂಬತ್ತಕ್ಕೆ ಬಂದು ಅಡುಗೆ. ಮಲಯಾಳಿ ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗುತ್ತದೆ, ಆದರೆ ಬೇಯಲು ಹೊತ್ತು ಬೇಕು, ಗ್ಯಾಸು ಪ್ರೀಪೇಯ್ಡ್ ಮೀಟರಿನದ್ದು. ಹಾಗಾಗಿ ಬೆಳ್ತಿಗೆಗೆ ಹೊರಳಿದ್ದಾಳೆ. ಎಷ್ಟೋ ಸಲ ಹಿಂದಿನ ರಾತ್ರಿ ಮೆಸೇಜು ಬರುತ್ತದೆ, ನಾಳೆ ಶಿಫ್ಟ್ ಇಲ್ಲ ಅಂತ. ಕ್ರಿಸ್ಮಸ್ ಗಡಿಬಿಡಿ ಮುಗಿದ ಮೇಲೆ ಜನವರಿಯಲ್ಲಿ ಹನ್ನೆರಡು ಗಂಟೆ ಸಿಕ್ಕಿದ ವಾರವೂ ಇತ್ತು. ಬೇಸಿಗೆ ರಜೆಯಲ್ಲಿ ಫುಲ್ ಟೈಮ್ ಮಾಡಬಹುದು ಎನ್ನುವವರು ಒಂದು ವರ್ಷದ ಮಾಸ್ಟರ್ಸ್‌ ಏನೆಂದು ತಿಳಿಯದವರು. ಅದರ ಬೇಸಿಗೆ ಡೆಸರ್ಟೇಶನ್ನಿನದ್ದು, ಸಾಮಾನ್ಯವಾಗಿ ರಜೆ ಎಂದು ಎಣಿಸುವುದೇ ಇಲ್ಲ.

ಜರ್ಮನಿಗೆ ಕಳಿಸಬಹುದಿತ್ತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸಿಲ್ಲ, ವೀಸಾಕ್ಕೆ ತೋರಿಸುವ ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕೆ 11,904 ಯೂರೋ ಸಾಕು. ಆದರೆ ಎರಡು ವರ್ಷ, ಭಾಷೆ ಬೇರೆ. ಅವಳಿಗೆ ಮನಸ್ಸಿರಲಿಲ್ಲ, ನಾನು ಒತ್ತಾಯಿಸಲಿಲ್ಲ.

ಈ ಸಾಲಕ್ಕೆ ಕೊಟ್ಟ ಅಡವಿನ ಕಥೆ ಚುಟುಕಾಗಿ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ಮುಟ್ಟುವುದಿಲ್ಲ, ಹಾಗಾಗಿ ಫಲ ಬರುವ ತೋಟ ತೋರಿಸಿದರೂ ಮೂಗು ಮುರಿದರು. ತೋಟಕ್ಕೆ ತಾಗಿದ ಸರ್ಕಾರಿ ಕುಮ್ಕಿ ಜಾಗದ ಮಾತಂತೂ ಬೇಡವೇ ಬೇಡ. ಕೊನೆಗೆ ಅವರ ಕಣ್ಣಿಗೆ ಬಿದ್ದದ್ದು ಹೆದ್ದಾರಿ 73ರ ಬದಿಯಲ್ಲಿ ಕನ್ವರ್ಷನ್ ಆದ, ನೈನ್-ಲೆವೆನ್ ದಾಖಲೆ ಇದ್ದ ಹತ್ತು ಸೆಂಟ್ಸ್ ಜಾಗ.

ಇನ್ನು ಸಿಟ್ಟು ಬರಿಸಿದ ವಿಷಯ. ಸ್ಯಾಂಕ್ಷನ್ ಪತ್ರದ ಜೊತೆ 70 ಸಾವಿರದ ಸಿಂಗಲ್ ಪ್ರೀಮಿಯಂ ಲೋನ್ ಇನ್ಶೂರೆನ್ಸ್ ಒಂದು ಬಂದು ಕೂತಿತ್ತು, ಅದೂ ಸಾಲದ ಮೊತ್ತಕ್ಕೇ ಸೇರಿಸಿ. ‘ಕಂಪಲ್ಸರಿ ಸರ್’ ಎಂದರು. ಯಾವ ಷರತ್ತಿನಲ್ಲಿ ಬರೆದಿದೆ ತೋರಿಸಿ ಎಂದೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ ಎಂದರು. ವಿಮೆಗೆ ಕಮಿಷನ್, ಆ ವಿಮೆಯ ಪ್ರೀಮಿಯಂ ಮೇಲೆ ಶೇ 11 ಬಡ್ಡಿ, ಸಾಲ ಬೇಗ ತೀರಿಸಿದರೆ ವಾಪಸು ಬರುವುದು ಚೂರುಪಾರು. ಇದು ಯಾರ ರಕ್ಷಣೆಗೆ ಮಾರಾಯ್ರೆ? ಇಪ್ಪತ್ತಮೂರರ ಹುಡುಗಿಗೆ ವಿಮೆ ಬೇಕು ಎನಿಸಿದರೆ ಬೇರೆಯಾಗಿ ಟರ್ಮ್ ಪಾಲಿಸಿ ತೆಗೆದುಕೊಂಡರಾಯಿತು. ಪಾಲಿಸಿ ಕೈಗೆ ಬಂದ ಮೇಲೆ ಫ್ರೀ ಲುಕ್ 30 ದಿನ ಇದೆ. ನಾನು ಅದರಲ್ಲೇ ರದ್ದು ಮಾಡಿಸಿದೆ. ನಿಮಗೂ ಸಹಿ ಹಾಕಿಸಿದ್ದರೆ ಇವತ್ತೇ ದಿನ ಎಣಿಸಿ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತ ಕೊಡುವ 80ಇ ತೋರಿಸಿ ಸಮಾಧಾನ ಹೇಳುವವರೂ ಇದ್ದಾರೆ. ಅಡಿಕೆಯ ಆದಾಯಕ್ಕೆ ತೆರಿಗೆಯೇ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ 80ಇಯೇ ಇಲ್ಲ. ನಮ್ಮಂಥವರಿಗೆ ಅದರಿಂದ ಬರುವುದೇನು?

ಇದಕ್ಕೆಲ್ಲ ಹಿಂದೆ ನಮ್ಮ ಅಭ್ಯಾಸವೂ ಇದೆ, ಹೇಳದೆ ಇರಲಾರೆ. ಹೊರಡುವ ಮೊದಲು ಹಾಲ್ ಬುಕ್ ಮಾಡಿ ಮುನ್ನೂರು ಜನರಿಗೆ ಊಟ, ಆ ಖರ್ಚೂ ಕೈಸಾಲದಿಂದಲೇ. ಹೋದ ಮೂರನೇ ತಿಂಗಳಿಗೆ ‘ಏನಾದರೂ ಕಳಿಸಿದಳಾ?’ ಎಂಬ ವಿಚಾರಣೆ. ಈ ಒತ್ತಡ ತಾಳದೆ ಮಕ್ಕಳು ಇಪ್ಪತ್ತು ಗಂಟೆ ಮೀರಿ ನಗದಿಗೆ ದುಡಿಯುತ್ತಾರೆ, ಸಿಕ್ಕಿಬಿದ್ದರೆ ವೀಸಾವೇ ಹೋಗುತ್ತದೆ. ಮಕ್ಕಳ ಪೈಕಿಯೂ ಒಂದು ರೋಗವಿದೆ: ಮೊದಲ ತಿಂಗಳು ಕಾಫಿಯನ್ನೂ ರೂಪಾಯಿಗೆ ಬದಲಿಸಿ ಬೆಚ್ಚಿಬೀಳುತ್ತಾರೆ, ಮೂರನೇ ತಿಂಗಳಿಗೆ ಬದಲಿಸುವುದನ್ನೇ ಬಿಟ್ಟು ಕಂತಿನಲ್ಲಿ ಫೋನ್ ತೆಗೆದುಕೊಳ್ಳುತ್ತಾರೆ. ತಂದೆತಾಯಿ ವೀಡಿಯೋ ಕಾಲಿನಲ್ಲಿ ಊಟ ಆಯಿತಾ ಎಂದು ಕೇಳುತ್ತಾರೆ, ಖರ್ಚು ಎಷ್ಟಾಯಿತು ಎಂದು ಕೇಳಲು ಸಂಕೋಚ. ನಮ್ಮಲ್ಲಿ ಭಾನುವಾರ ಇಬ್ಬರೂ ಒಂದೇ ಎಕ್ಸೆಲ್ ಶೀಟ್ ತೆರೆಯುತ್ತೇವೆ. ಅವಳು ವಾರದ ಗಂಟೆ ತುಂಬಿಸುತ್ತಾಳೆ, ನಾನು ಮಾರಿದ ಅಡಿಕೆ ತುಂಬಿಸುತ್ತೇನೆ. ಜಗಳವೂ ಆಗುತ್ತದೆ.

ಮುಂದಿನ ಬಿಲ್ಲು ಆಗಲೇ ಕಾಣುತ್ತಿದೆ. ಕೋರ್ಸ್ ಮುಗಿದ ಮೇಲೆ ಗ್ರಾಜುಯೇಟ್ ವೀಸಾಕ್ಕೆ 880 ಪೌಂಡ್, ಎರಡು ವರ್ಷದ ಹೆಲ್ತ್ ಸರ್‌ಚಾರ್ಜ್ 2,070. 2025–26ರ ದರದಲ್ಲಿ ಒಟ್ಟು 2,950 ಪೌಂಡ್, ಮೂರೂವರೆ ಲಕ್ಷ ರೂಪಾಯಿ. ಅರ್ಜಿ 2027ರ ಜನವರಿ 1ರ ಮೊದಲೇ ಹೋಗಬೇಕು, ಆಮೇಲೆ ಹಾಕಿದರೆ ಎರಡು ವರ್ಷದ ಬದಲು ಸಿಗುವುದು 18 ತಿಂಗಳು. ಈ ಮೊತ್ತಕ್ಕೆ ಮತ್ತೆ ಸಾಲ ಮಾಡುವುದಿಲ್ಲ ಎಂದು ಇಬ್ಬರೂ ಒಪ್ಪಿದ್ದೇವೆ. ಅರ್ಧ ಅವಳ ಖಾತೆಯಿಂದ, ಇನ್ನರ್ಧ ಈ ಸಲದ ಕರಿಮೆಣಸಿನಿಂದ. ಏಣಿ ಹತ್ತಿ ಕೊಯ್ಯುವವರು ಬರುವ ವಾರ ಬರುತ್ತೇನೆ ಎಂದಿದ್ದಾರೆ, ಹೋದ ವಾರವೂ ಹಾಗೇ ಹೇಳಿದ್ದರು.